ಕೊಳ್ಳೇಗಾಲದ ಗೋಡೆಗೆ ಬಂದ ಹಡಗಿನ ಹೊಗೆ

ಮಧುವನಹಳ್ಳಿಯ ಶಿವನಂಜಯ್ಯ ಹಡಗಿನಿಂದ ಇಳಿದ ವರ್ಷವೇ, ಐವತ್ತಾರರಲ್ಲಿ, ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನಿಂದ ಇಳಿದು ಮೈಸೂರನ್ನು ಹತ್ತಿತು. ತಾಲ್ಲೂಕಿಗೆ ಹಾರ, ತುರಾಯಿ, ಮೂರು ಭಾಷಣ ಸಿಕ್ಕವು. ಶಿವನಂಜಯ್ಯನಿಗೆ ಬಸ್ಸಿಳಿದ ಕೂಡಲೇ ಸಿಕ್ಕಿದ್ದು ಬೀಡಿ ಅಂಗಡಿಯವನ ಒಂದು ಪ್ರಶ್ನೆ ಮಾತ್ರ: ಯಾರ ಮನೆಗೆ ಹೋಗಬೇಕು? ಹದಿನಾರು ವರ್ಷದ ಹಿಂದೆ ಅದೇ ಅಂಗಡಿಯ ಮುಂದೆ ಬಸ್ಸು ಹತ್ತಿದ್ದವನು ಅವನು. ಆಗ ಕೊಯಮತ್ತೂರು ಜಿಲ್ಲೆಯಿಂದ ಹೊರಟಿದ್ದ. ಈಗ ಬಂದಿಳಿದದ್ದು ಮೈಸೂರು ಜಿಲ್ಲೆಗೆ. ಊರು ಬಿಟ್ಟವನು ಬದಲಾಗಿ ಬರುವುದುಂಟು. ಇವನ ವಿಷಯದಲ್ಲಿ ಊರೇ ಜಿಲ್ಲೆ ಬದಲಾಯಿಸಿಕೊಂಡು ಕೂತಿತ್ತು.

ಒಕ್ಕಲುತನದ ಮನೆಯ ಎರಡನೆಯ ಮಗ. ಅಣ್ಣ ಪುಟ್ಟಬಸಪ್ಪನಿಗೆ ಇದ್ದ ಹೊಲ ಸಾಕಾಗಿತ್ತು, ಇಬ್ಬರಿಗೆ ಸಾಲುವಂತಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮದುವೆಯಾದ ಒಂದೇ ವರ್ಷಕ್ಕೆ, ಶಿವನಂಜಯ್ಯ ಮದ್ರಾಸಿಗೆ ಹೋದ. ಅಲ್ಲಿಂದ ಯಾರದೋ ಬೆನ್ನು ಹಿಡಿದು ಮುಂಬಯಿಗೆ ಹೋಗಿ, ನಮ್ಮ ದೇಶದವರದೇ ಒಂದು ಕಂಪನಿಯ ಸರಕು ಹಡಗಿನಲ್ಲಿ ಫೈರ್‌ಮ್ಯಾನ್ ಆದ. ಫೈರ್‌ಮ್ಯಾನ್ ಎಂದರೆ ಹಡಗಿನ ಹೊಟ್ಟೆಯೊಳಗೆ ನಿಂತು ಬಾಯ್ಲರಿನ ಬಾಯಿಗೆ ಕಲ್ಲಿದ್ದಲು ಉಣಿಸುವವನು. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ಬೆಂಕಿಯ ಎದುರು ನಿಂತರೆ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಕಾದು ಎದೆಯನ್ನು ಸುಡುತ್ತಿತ್ತು. ಮೊದಲ ವಾರದಲ್ಲೇ ಎದೆಯ ಮೇಲೆ ಮೊಟ್ಟೆಯಾಕಾರದ ಬೊಬ್ಬೆ ಎದ್ದಿತು. ಆಮೇಲೆ ಕೆಲಸದ ಹೊತ್ತಿನಲ್ಲಿ ಶಿವದಾರವನ್ನು ತಿರುಗಿಸಿ ಲಿಂಗವನ್ನು ಬೆನ್ನಿಗೆ ಬಿಟ್ಟುಕೊಳ್ಳುವುದನ್ನು ಕಲಿತ. ದೇವರಿಗೆ ಬೆನ್ನು ತೋರಿಸಬಾರದೆಂದು ಎಲ್ಲರೂ ಹೇಳುತ್ತಾರೆ. ದೇವರನ್ನು ಬೆನ್ನ ಮೇಲೆ ಹೊರುವುದಕ್ಕೆ ಯಾರ ಅಡ್ಡಿಯೂ ಇಲ್ಲವೆಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಹದಿನಾರು ವರ್ಷದಲ್ಲಿ ನಾಲ್ಕು ಸಲ ಊರಿಗೆ ಬಂದುಹೋದ. ಕೊನೆಗೆ ಕಂಪನಿಯವರು ಹಡಗಿನ ಇದ್ದಲ ಒಲೆ ಕಿತ್ತು ಎಣ್ಣೆಯ ಒಲೆ ಹಾಕಿಸಿದರು. ಎಣ್ಣೆಗೆ ಸಲಿಕೆ ಬೇಕಿಲ್ಲ, ಸಲಿಕೆ ಹಿಡಿಯುವವನೂ ಬೇಕಿಲ್ಲ. ಶಿವನಂಜಯ್ಯ ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿ, ಹಡಗಿನವರು ಕೊಟ್ಟ ಮೊಹರು ಪುಸ್ತಕ ಮತ್ತು ತಾನೇ ಬರೆದಿಟ್ಟುಕೊಂಡಿದ್ದ ಒಂದು ನೋಟುಬುಕ್ಕು ಹಿಡಿದು ಮನೆಗೆ ಬಂದ. ನೋಟುಬುಕ್ಕಿನಲ್ಲಿ ಇದ್ದದ್ದು ಬುಟ್ಟಿಗಳ ಲೆಕ್ಕ. ಯಾವ ಪ್ರಯಾಣದಲ್ಲಿ ತಾನು ಎಷ್ಟು ಬುಟ್ಟಿ ಇದ್ದಲು ಬೆಂಕಿಗೆ ಹಾಕಿದೆ ಎನ್ನುವುದನ್ನು, ಮೂರನೆಯ ಕ್ಲಾಸಿನ ದುಂಡು ಕನ್ನಡ ಅಂಕಿಗಳಲ್ಲಿ, ಒಂದು ದಿನವೂ ತಪ್ಪಿಸದೆ ಬರೆದಿದ್ದ. ಅಣ್ಣನಿಗೆ ಹೊಲದ ಪಹಣಿ ಇತ್ತು, ಇವನಿಗೆ ಇದಿತ್ತು.

ಊರಿಗೆ ಬಂದ ಮೇಲೆ ಕೊಳ್ಳೇಗಾಲದಲ್ಲಿ ಸದಾಶಿವಪ್ಪನವರ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹಳೆಯ ಉಗಿ ಎಂಜಿನ್ನು. ಅದಕ್ಕೆ ಭತ್ತದ ಹೊಟ್ಟು, ಸೌದೆ, ಒಮ್ಮೊಮ್ಮೆ ಬೈಗುಳ ಹಾಕಿ ನಡೆಸುತ್ತಿದ್ದರು. ಶಿವನಂಜಯ್ಯ ಬಂದ ಮೇಲೆ ಬೈಗುಳ ನಿಂತಿತು.

ಸದಾಶಿವಪ್ಪನವರು ಕೆಟ್ಟವರಲ್ಲ. ಮಿಲ್ಲಿನ ಯಜಮಾನರು, ತಾಲ್ಲೂಕು ಬೋರ್ಡಿನ ಸದಸ್ಯರು, ಎರಡು ಪಂಗಡಗಳ ಜಗಳ ಬಿಡಿಸುವವರು. ಆದರೆ ಅವರ ಲೋಕ ಒಂದು ಕಡೆ ಮೈಸೂರಿಗೂ ಇನ್ನೊಂದು ಕಡೆ ಗಡಿಯ ಪಾಲಾರಿಗೂ ಮುಗಿದುಹೋಗುತ್ತಿತ್ತು. ತಾವು ನೋಡದೆ ಇರುವುದು ಇರಲಾರದು ಎಂಬ ನಂಬಿಕೆ ಅವರಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ಶಿವನಂಜಯ್ಯ ಹಡಗಿನಲ್ಲಿದ್ದ ಎನ್ನುವುದನ್ನು ಅವರು ಒಪ್ಪಲಿಲ್ಲ. ಮೊಹರು ಪುಸ್ತಕ ತೋರಿಸಿದರೆ, ಮದ್ರಾಸಿನಲ್ಲಿ ನಾಲ್ಕಾಣೆಗೆ ಎಂಥ ಮೊಹರೂ ಸಿಗುತ್ತದೆ ಎಂದರು. ಮದ್ರಾಸಿನ ಯಾವುದೋ ಹೋಟೆಲಿನಲ್ಲಿ ಒಲೆ ಊದುತ್ತಿದ್ದ, ಎದೆಯ ಸುಟ್ಟ ಗಾಯವೂ ಅಲ್ಲಿಯದೇ ಎನ್ನುವುದು ಅವರ ತೀರ್ಮಾನ. ಊರಿನಲ್ಲಿ ಬೇರೆ ತೀರ್ಮಾನಗಳೂ ಇದ್ದವು. ಕೆಲವರು ಕೊಯಮತ್ತೂರು ಜೈಲು ಎಂದರು. ಕೆಲವರು ಮುಂಬಯಿಯಲ್ಲಿ ಇನ್ನೊಂದು ಸಂಸಾರ ಎಂದರು. ಹೋಟೆಲು, ಜೈಲು, ಸಂಸಾರ, ಈ ಮೂರೂ ಊರಿನ ಜಗಲಿಗಳ ಮೇಲೆ ಸರದಿಯಂತೆ ಕೂತು ಎದ್ದು ಹೋಗುತ್ತಿದ್ದವು.

ಇದೆಲ್ಲವನ್ನೂ ಶಿವನಂಜಯ್ಯ ನಕ್ಕು ಸಹಿಸಿಕೊಂಡ. ಸಹಿಸಲಾಗದೆ ಇದ್ದದ್ದು ಒಂದೇ. ಹೆಂಡತಿ ಶಿವರತ್ನಮ್ಮ ಏನು ನಂಬಿದ್ದಾಳೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಹದಿನಾರು ವರ್ಷ ಅತ್ತೆಯ ಮನೆಯಲ್ಲಿ ಕಾದವಳು ಅವಳು. ಆ ಮೂರು ಮಾತುಗಳನ್ನು ಬಾವಿಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಕೇಳಿದವಳು. ಅವನು ಬಂದ ಮೇಲೆ ಒಂದು ದಿನವೂ ಸಮುದ್ರ ಹೇಗಿತ್ತು ಎಂದು ಕೇಳಲಿಲ್ಲ. ತಾನಾಗಿ ಹೇಳಲು ಹೋದರೆ ಒಲೆಗೆ ಸೌದೆ ನೂಕಲು ಎದ್ದು ಹೋಗುತ್ತಿದ್ದಳು. ನಂಬಿ ಸುಮ್ಮನಿದ್ದಾಳೋ, ನಂಬದೆ ಸುಮ್ಮನಿದ್ದಾಳೋ. ಸುಳ್ಳು ಕೇಳಬೇಕಾದೀತೆಂಬ ಅಂಜಿಕೆಗೇ ಕೇಳುತ್ತಿಲ್ಲವೇನೋ ಎಂಬ ಅನುಮಾನ ಅವನನ್ನು ಹನ್ನೆರಡು ವರ್ಷ ಕೊರೆಯಿತು.

ಅರವತ್ತೆಂಟರ ಬೇಸಿಗೆಯಲ್ಲಿ ಮಹದೇವಯ್ಯ ಎಂಬ ಮೇಷ್ಟರು ಎರಡು ಮೂಟೆ ಭತ್ತ ಹಾಕಿಸಿಕೊಂಡು ಮಿಲ್ಲಿಗೆ ಬಂದರು. ಯಳಂದೂರಿನವರು, ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ವಿಜ್ಞಾನ ತಮ್ಮನ್ನು ಕೊಳ್ಳೇಗಾಲಕ್ಕೆ ಪ್ರತಿನಿಧಿಯಾಗಿ ಕಳಿಸಿದೆ ಎಂದು ತಿಳಿದಿದ್ದ ಗೌರವಸ್ಥರು. ಚಿಮಣಿಯನ್ನು ನೋಡಿದರು, ಹೊಗೆ ಕಾಣಲಿಲ್ಲ. ಮಿಲ್ಲು ರಜವೋ ಎಂದು ಬಾಯ್ಲರು ಕೋಣೆಗೆ ಇಣುಕಿದರೆ ಒಳಗೆ ಬೆಂಕಿ ಧಗಧಗ ಉರಿಯುತ್ತಿದೆ.

ಶಿವನಂಜಯ್ಯ ಹೆಮ್ಮೆಯಿಂದ ವಿವರಿಸಿದ. ಕಪ್ಪು ಹೊಗೆ ಬಂದರೆ ಅದು ಬೆಂಕಿ ಹಾಕುವವನ ಸೋಮಾರಿತನ. ತೆಳ್ಳಗೆ ಹರಡಿ, ಗಾಳಿ ಆಡಲು ಬಿಟ್ಟು ಉರಿಸಿದರೆ ಚಿಮಣಿಯಿಂದ ಏನೂ ಹೊರಡುವುದಿಲ್ಲ. ಅವನ ಪಾಳಿಯಲ್ಲಿ ಹಡಗಿನ ಚಿಮಣಿ ಕೂಡ ಹಾಗೆಯೇ ಇರುತ್ತಿತ್ತು.

"ಏನೂ ಹೊರಡಲ್ಲ ಅಂತ ಯಾರು ಹೇಳಿದ್ದು?" ಎಂದರು ಮೇಷ್ಟರು. "ಕಾಣದೇ ಇರೋದೇ ತೂಕ ಜಾಸ್ತಿ, ಶಿವನಂಜಯ್ಯ."

ಅವರಿಗೆ ಪಾಠ ಹೇಳಲು ಕರಿಹಲಗೆಯೇ ಬೇಕೆಂದಿರಲಿಲ್ಲ. ಇದ್ದಲು ಸುಟ್ಟರೆ ಒಂದಿಷ್ಟು ಬೂದಿ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಗಾಳಿಯ ಜೊತೆ ಕೂಡಿಕೊಂಡು ಇಂಗಾಲಾಮ್ಲವಾಗಿ ಹೋಗುತ್ತದೆ ಎಂದರು. ಸೋಡಾ ಬಾಟಲಿಯ ಗೋಲಿ ಒತ್ತಿದಾಗ ಬುಸ್ಸೆಂದು ಬರುತ್ತದಲ್ಲ, ಅದೇ ಗಾಳಿ. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಟನ್ನು ಇದ್ದಲಿಗೆ ಎರಡೂವರೆ ಟನ್ನು. ಚೊಕ್ಕಟವಾಗಿ ಉರಿಸಿದಷ್ಟೂ ಜಾಸ್ತಿ. ಅದು ಮೇಲೆ ಹೋಗಿ ಬಹಳ ಕಾಲ ಅಲ್ಲೇ ಇರುತ್ತದಂತೆ. ಭೂಮಿಗೆ ಕಂಬಳಿ ಹೊದಿಸಿದಂತಾಗುತ್ತದೆಂದು ಕೆಲವರು ಪಂಡಿತರು ಹೇಳುತ್ತಾರಂತೆ. ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಇದರ ಬಗ್ಗೆ ಎರಡು ಪ್ಯಾರಾ ಬಂದಿತ್ತು. ಎರಡನ್ನೂ ಮೇಷ್ಟರು ಬಾಯಿಪಾಠ ಮಾಡಿದ್ದರು.

ಒಂದು ಹಾಕಿದರೆ ಎರಡೂವರೆ ಹೇಗಾದೀತು ಎಂದು ಶಿವನಂಜಯ್ಯ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಹೊಳೆಯಿತು. "ಒಂದು ಸೇರು ರಾಗಿಟ್ಟು ನೀರು ಕುಡುದು ಮುದ್ದೆ ತೂಕ ಏರ್ತದಲ್ಲ, ಅಂಗೆ. ಇದು ಗಾಳಿ ಕುಡೀತದೆ, ಅಲ್ವಾ ಸಾ?"

ಇಷ್ಟು ವರ್ಷದ ಶಿಕ್ಷಕ ವೃತ್ತಿಯಲ್ಲಿ ಇದನ್ನು ಇಷ್ಟು ಚೆನ್ನಾಗಿ ಯಾರೂ ತಮಗೆ ತಿರುಗಿ ಹೇಳಿರಲಿಲ್ಲವೆಂದು ಮೇಷ್ಟರಿಗೆ ಅನಿಸಿತು. ಆ ಉದಾಹರಣೆಯನ್ನು ಮಾರನೆಯ ದಿನದಿಂದ ತಮ್ಮದೆಂದೇ ಕ್ಲಾಸಿನಲ್ಲಿ ಹೇಳತೊಡಗಿದರು.

ಶಿವನಂಜಯ್ಯ ಆ ಸಂಜೆ ಪೆಟ್ಟಿಗೆಯಿಂದ ನೋಟುಬುಕ್ಕು ತೆಗೆದ. ತನ್ನ ದುಡಿಮೆಯೆಲ್ಲ ಹೊಗೆಯಾಗಿ ಹೋಯಿತು, ಏನೂ ಉಳಿಯಲಿಲ್ಲ ಎಂದುಕೊಂಡಿದ್ದವನು ಅವನು. ಅಣ್ಣನ ದುಡಿಮೆ ಹೊಲದಲ್ಲಿ ಕಾಣುತ್ತಿತ್ತು, ಯಜಮಾನರ ದುಡಿಮೆ ಮಿಲ್ಲಿನಲ್ಲಿ ಕಾಣುತ್ತಿತ್ತು. ಈಗ ನೋಡಿದರೆ ತನ್ನದೂ ಎಲ್ಲಿಯೂ ಹೋಗಿಲ್ಲ. ಹಾಕಿದ್ದಕ್ಕೆ ಎರಡೂವರೆ ಪಾಲಾಗಿ ತಲೆಯ ಮೇಲೇ ಇದೆ. ಮೊದಲು ಅವನಿಗೆ ಖುಷಿಯಾಯಿತು. ಕಂಬಳಿಯ ಮಾತು ನೆನಪಾದಾಗ ಖುಷಿ ಸ್ವಲ್ಪ ಇಳಿಯಿತು.

ಬುಕ್ಕನ್ನು ನೋಡಿದ ಮೇಷ್ಟರು ಬೇಸಿಗೆ ರಜವನ್ನು ಅದಕ್ಕೇ ಮುಡಿಪಿಟ್ಟರು. ಅವನು ಬರೆದಿಟ್ಟಿದ್ದ ಲೆಕ್ಕವೆಲ್ಲ ಬುಟ್ಟಿಯಲ್ಲಿತ್ತು. ಇಪ್ಪತ್ತು ಬುಟ್ಟಿಗೆ ಒಂದು ಟನ್ನು. ಪ್ರತಿ ಪಾಳಿಗೆ ಮೂವತ್ತೊಂಬತ್ತು ಬುಟ್ಟಿ, ದಿನಕ್ಕೆ ಎರಡು ಪಾಳಿ, ವರ್ಷಕ್ಕೆ ಹಡಗು ಓಡಿದ ಇನ್ನೂರು ದಿನ, ಒಟ್ಟು ಹದಿನಾರು ವರ್ಷ. ಹನ್ನೆರಡು ಸಾವಿರದ ನಾನೂರ ಎಂಬತ್ತು ಟನ್ನು ಇದ್ದಲು. ಆಕಾಶಕ್ಕೆ ಹೋದದ್ದು ಮೂವತ್ತೊಂದು ಸಾವಿರದ ಇನ್ನೂರು ಟನ್ನು. ಬಾಯ್ಲರು ಕೋಣೆಯ ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಹದಿನಾರು ನಿಲುಗೆರೆಗಳನ್ನು ಎಳೆದರು. ಒಂದೊಂದು ವರ್ಷಕ್ಕೆ ಒಂದು ಗೆರೆ, ಬೆರಳಗಲ, ಮೊಳದುದ್ದ.

ಮೇಷ್ಟರಿಗೆ ಅಷ್ಟಕ್ಕೇ ಹಸಿವು ಹಿಂಗಲಿಲ್ಲ. ಒಬ್ಬನ ಲೆಕ್ಕ ಆಯಿತು, ದೇಶದ ಲೆಕ್ಕ ಏಕಾಗಬಾರದು? ಮೈಸೂರಿನಲ್ಲಿ ಜಿಲ್ಲಾ ವಿಜ್ಞಾನ ಪ್ರದರ್ಶನ ಬರಲಿತ್ತು. ಅದಕ್ಕೊಂದು ನಕ್ಷೆ ಕಳಿಸಬೇಕು: ಭಾರತದ ಹಡಗುಗಳು ವರ್ಷ ವರ್ಷವೂ ಬಿಟ್ಟ ಉಸಿರು. ವಾಚನಾಲಯದ ಹಳೆಯ ಪತ್ರಿಕೆಗಳನ್ನು ಜಾಲಾಡಿ, ಯಾವ ವರ್ಷ ದೇಶದ ಹಡಗುಗಳು ಎಷ್ಟಾದವು ಎನ್ನುವುದನ್ನು ಗುರುತು ಹಾಕಿಕೊಂಡರು. ಸಿಗದ ವರ್ಷಗಳಿಗೆ ಊಹೆ ಮಾಡಿದರು. ಅವರ ಊಹೆಗಳಿಗೆ ದಶಾಂಶ ಬಿಂದುವಿನ ಆಚೆಗೂ ಎರಡು ಅಂಕಿಗಳಿರುತ್ತಿದ್ದವು. ಗೋಡೆಯ ಬಲಗಡೆ ಐವತ್ತಾರರಿಂದ ಹೊಸ ಗೆರೆಗಳು ಏಳತೊಡಗಿದವು.

ಶಿವನಂಜಯ್ಯ ಏಣಿ ಹಿಡಿದುಕೊಂಡು ನಿಂತು ನೋಡುತ್ತಿದ್ದ. ತಾನು ಇಳಿದ ಮೇಲೆ ಗೆರೆ ಗಿಡ್ಡವಾಗಬೇಕಿತ್ತು ಎನ್ನುವುದು ಅವನ ಎಣಿಕೆ. ಇದ್ದಲ ಒಲೆಗಳನ್ನೇ ಕಿತ್ತು ಹಾಕಿದರಲ್ಲ. ಎಣ್ಣೆಗೆ ಕಪ್ಪು ಕಡಿಮೆ. ಆದರೆ ಮೇಷ್ಟರ ಗೆರೆಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಲೇ ಹೋದವು. ಒಂದು ಟನ್ನು ಎಣ್ಣೆಗೆ ಮೂರು ಟನ್ನು ಗಾಳಿಯಂತೆ. ಅದೂ ಅಲ್ಲದೆ ಹಡಗುಗಳೇ ಜಾಸ್ತಿಯಾಗಿದ್ದವು. ಅರವತ್ತೈದರ ಗೆರೆ ಜಂತೆಗೆ ತಾಗಿತು. ಮೇಷ್ಟರು ಏಣಿಯ ಮೇಲಿನಿಂದಲೇ ಅಳತೆಯನ್ನು ಅರ್ಧಕ್ಕೆ ಇಳಿಸಿ ಬಲಗಡೆಯ ಗೆರೆಗಳನ್ನೆಲ್ಲ ಅಳಿಸಿ ಮತ್ತೆ ಎಳೆದರು.

"ನಾ ಬಿಟ್ಟು ಬಂದ್ರೂ ನಿಲ್ನಿಲ್ವಲ್ಲ ಸಾ," ಎಂದ ಶಿವನಂಜಯ್ಯ. ದೇಶದ ಹೊಗೆ ತನ್ನ ರಾಜೀನಾಮೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂದು ಅವನಿಗೆ ಸ್ವಲ್ಪ ಅವಮಾನವೂ ಆಗಿತ್ತು.

ಲೆಕ್ಕ ಗಟ್ಟಿಯಾಗಿರಲೆಂದು ಮೇಷ್ಟರು ಮುಂಬಯಿಯ ಕಂಪನಿಗೆ ಒಂದು ಕಾಗದ ಬರೆದರು. ಹಡಗಿನ ಹೆಸರು, ವರ್ಷ ಎಲ್ಲ ಕೊಟ್ಟು, ಅದು ದಿನಕ್ಕೆ ಎಷ್ಟು ಇದ್ದಲು ಉರಿಸುತ್ತಿತ್ತು, ಆಗ ಶಿವನಂಜಯ್ಯ ಎಂಬವನು ಇದ್ದನೇ ಎಂದು ಕೇಳಿದರು. ಉತ್ತರ ಬರಲು ಆರು ತಿಂಗಳಾಯಿತು. ಸಂಕ್ರಾಂತಿಗೆ ಹದಿನೈದು ದಿನವಿದ್ದಾಗ ದಪ್ಪ ಲಕೋಟೆ ಬಂತು. ಮೇಷ್ಟರು ಅದನ್ನು ಒಡೆಯದೆ ಮಿಲ್ಲಿಗೆ ತಂದರು. ಸದಾಶಿವಪ್ಪನವರ ಎದುರಿಗೇ ಒಡೆದು ಓದಬೇಕೆನ್ನುವುದು ಅವರ ಆಸೆ. ಭತ್ತ ತಂದಿದ್ದ ಹತ್ತಾರು ಜನ ಸುತ್ತ ನಿಂತರು.

ಕಾಗದ ಚುಟುಕಾಗಿತ್ತು. ಆ ಹಡಗು ಓಡುವಾಗ ದಿನಕ್ಕೆ ಇಪ್ಪತ್ತನಾಲ್ಕು ಟನ್ನು ಇದ್ದಲು ಉರಿಸುತ್ತಿದ್ದದ್ದು ನಿಜ. ದಿನಕ್ಕೆ ಆರು ಪಾಳಿ, ಪಾಳಿಗೆ ಇಬ್ಬರು ಫೈರ್‌ಮ್ಯಾನ್‌ಗಳು, ಪ್ರತಿಯೊಬ್ಬನಿಗೆ ಪಾಳಿಯೊಂದಕ್ಕೆ ಎರಡು ಟನ್ನು, ಅದು ಕಟ್ಟುನಿಟ್ಟು. ಆ ಕಾಲದ ಕೆಲಸಗಾರರ ಪಟ್ಟಿ ಈಗ ಉಳಿದಿಲ್ಲ, ಆದ್ದರಿಂದ ಹೆಸರಿನ ವಿಷಯ ಹೇಳಲಾಗದು.

ಮೇಷ್ಟರು ಉತ್ಸಾಹದಲ್ಲಿ ಅಲ್ಲೇ ಗಟ್ಟಿಯಾಗಿ ಲೆಕ್ಕ ಹಾಕಿದರು. ಎರಡು ಟನ್ನು, ಟನ್ನಿಗೆ ಇಪ್ಪತ್ತರಂತೆ, ಅಂದರೆ ಪಾಳಿಗೆ ನಲವತ್ತು ಬುಟ್ಟಿ. ಬುಕ್ಕಿನಲ್ಲಿ ಇದ್ದದ್ದು ಮೂವತ್ತೊಂಬತ್ತು. ಒಂದು ಪಾಳಿಯಲ್ಲಲ್ಲ, ಹದಿನಾರು ವರ್ಷದ ಒಂದೊಂದು ಪಾಳಿಯಲ್ಲೂ ಮೂವತ್ತೊಂಬತ್ತು.

ಸದಾಶಿವಪ್ಪನವರು ಎಲೆ ಅಡಿಕೆಯನ್ನು ದವಡೆಯ ಆ ಕಡೆಯಿಂದ ಈ ಕಡೆಗೆ ವರ್ಗಾಯಿಸಿಕೊಂಡರು. "ಮೇಷ್ಟ್ರೇ, ದಿನಾ ಎತ್ತಿದೋನಿಗೆ ನಲ್ವತ್ತು ಅಂತ ಗೊತ್ತಿರಾಕಿಲ್ವಾ? ಇವ ಯಾರೋ ಅಡಗಿನೋನು ಓಟ್ಲಲ್ಲಿ ಕುಂತ್ಕಂಡು ಯೇಳಿದ್ದ ಕೇಳವನೆ. ಕೇಳಿದ್ರಾಗೆ ಒಂದು ತಪ್ಪವನೆ, ಅಷ್ಟೇಯ."

ಜನ ನಕ್ಕರು. ಯಜಮಾನರು ಹಬ್ಬಕ್ಕೆ ಮಿಲ್ಲಿಗೆ ಸುಣ್ಣ ಹೊಡೆಸುವುದಾಗಿಯೂ, ಈ ಮಸಿ ಗೀಚಿದ ಗೋಡೆಯನ್ನೂ ಬಿಡಬಾರದೆಂದೂ ಲೆಕ್ಕ ಬರೆಯುವ ರೈಟರಿಗೆ ಹೇಳಿದರು. ಮೇಷ್ಟರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಶಿವನಂಜಯ್ಯನ ಮುಖ ನೋಡದೆ, ಸ್ಕೂಲಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಅಂದು ಭಾನುವಾರ.

ಶಿವನಂಜಯ್ಯ ಊರಿಗೆ ನಡೆದೇ ಹೋದ. ಮಾತು ಬಸ್ಸಿನಲ್ಲಿ ಹೋಗಿ ಅವನಿಗಿಂತ ಮೊದಲೇ ತಲುಪಿತ್ತು. ಶಿವರತ್ನಮ್ಮ ಕೈಕಾಲಿಗೆ ನೀರು ಕೊಟ್ಟಳು, ತಟ್ಟೆ ಹಾಕಿದಳು, ಏನನ್ನೂ ಕೇಳಲಿಲ್ಲ. ಅವಳ ಕಣ್ಣು ಕೆಂಪಗಿತ್ತು, ಈರುಳ್ಳಿ ಹೆಚ್ಚಿದ ಗುರುತು ಮನೆಯಲ್ಲೆಲ್ಲೂ ಇರಲಿಲ್ಲ. ಹೋಟೆಲು, ಜೈಲು, ಇನ್ನೊಂದು ಸಂಸಾರ, ಮೂರೂ ಮತ್ತೆ ಎದ್ದು ಜಗಲಿಗೆ ಬಂದಿವೆ ಎಂದು ಅವನಿಗೆ ತಿಳಿಯಿತು. ಈ ಸಲ ಅವಳೂ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ತಪ್ಪು ಎಲ್ಲಿ ನುಸುಳಿತು ಎಂದು ಅವನು ಹತ್ತು ದಿನ ತಲೆ ಕೆರೆದುಕೊಂಡ. ಬುಟ್ಟಿ ಎತ್ತಿದ್ದು ನಿಜ, ಎಣಿಸಿದ್ದು ನಿಜ, ಮೂವತ್ತೊಂಬತ್ತಕ್ಕೆ ನಿಂತದ್ದೂ ನಿಜ. ಕಂಪನಿಯವರ ನಲವತ್ತೂ ನಿಜ. ನಾಲ್ಕೂ ನಿಜವಾದರೆ ತಾನೇ ಸುಳ್ಳಾಗಬೇಕಿತ್ತು.

ಸಂಕ್ರಾಂತಿಯ ಹಿಂದಿನ ವಾರ ಅಣ್ಣ ಪುಟ್ಟಬಸಪ್ಪನ ಕಣದಲ್ಲಿ ರಾಗಿ ರಾಶಿ ಬಿದ್ದಿತ್ತು. ಅಳೆಯುವ ದಿನ ತಮ್ಮನೂ ಇರಬೇಕಾದ್ದು ಪದ್ಧತಿ. ಹಡಗಿನ ವರ್ಷಗಳಲ್ಲಿ ತಪ್ಪಿತ್ತು, ಮಿಲ್ಲಿಗೆ ಸೇರಿದ ಮೇಲೂ ಸುಗ್ಗಿಯಲ್ಲಿ ಬಿಡುವು ಸಿಗದೆ ತಪ್ಪುತ್ತಿತ್ತು. ಆ ವರ್ಷ ಮಿಲ್ಲಿಗೆ ಹೋಗಲು ಮನಸ್ಸಿಲ್ಲದೆ ಶಿವನಂಜಯ್ಯ ಕಣಕ್ಕೆ ಹೋದ. ಪುಟ್ಟಬಸಪ್ಪ ರಾಶಿಗೆ ಕೈಮುಗಿದು ಪೂರ್ವಕ್ಕೆ ಮುಖ ಮಾಡಿ ಕೂತ. ಮೊದಲ ಕೊಳಗ ತುಂಬಿ, ಮಾದಪ್ಪಾ ಎಂದು ಕಣ್ಣು ಮುಚ್ಚಿ, ಪಕ್ಕದಲ್ಲಿ ಹಾಸಿದ್ದ ಬಿಳಿ ಬಟ್ಟೆಗೆ ಸುರಿದ. ಅದು ಮಾದೇಶ್ವರನ ಬೆಟ್ಟಕ್ಕೆ ಹೋಗುವ ಪಾಲು. ಆಮೇಲೆ ಎರಡನೆಯ ಕೊಳಗ ತುಂಬಿ ಲಾಭ ಎಂದ. ಒಂದು ಎನ್ನಬಾರದು, ಲಾಭ ಎನ್ನಬೇಕು. ನಂತರ ಎರಡು, ಮೂರು, ನಾಲ್ಕು.

ಶಿವನಂಜಯ್ಯ ಚೀಲದ ಬಾಯಿ ಹಿಡಿದುಕೊಂಡು ಕೂತಿದ್ದ.

"ಅಣ್ಣ, ಎಷ್ಟಾಯ್ತು?"

"ಇಪ್ಪತ್ತಾರು."

"ಮಾದಪ್ಪಂದೂ ಸೇರ್ಸಿ?"

ಪುಟ್ಟಬಸಪ್ಪ ತಮ್ಮನನ್ನು ಮೇಲಿನಿಂದ ಕೆಳಗೆ ನೋಡಿದ. "ಅದ್ಯಾಕ್ಲಾ ಸೇರ್ಸಾನ? ಅದು ನಮ್ದಾ?"

ಶಿವನಂಜಯ್ಯ ಚೀಲ ಬಿಟ್ಟು ಎದ್ದ. ಒಂದಷ್ಟು ರಾಗಿ ನೆಲಕ್ಕೆ ಚೆಲ್ಲಿತು. ಅಣ್ಣ ಬೈದದ್ದು ಅವನಿಗೆ ಕೇಳಿಸಲಿಲ್ಲ. ಊಟಕ್ಕೂ ನಿಲ್ಲದೆ, ತಲೆಯ ಮೇಲೆ ರಾಗಿ ಹೊಟ್ಟು ಇದ್ದಂತೆಯೇ, ಕೊಳ್ಳೇಗಾಲದ ದಾರಿ ಹಿಡಿದ. ನಡೆಯುತ್ತ ಕೈಯನ್ನೇ ನೋಡಿಕೊಂಡ. ಅಪ್ಪನ ಕಣದಲ್ಲಿ ಏಳು ವರ್ಷದವನಿದ್ದಾಗಿನಿಂದ ಕಲಿತ ಕೈ. ಹಡಗಿನ ಹೊಟ್ಟೆಯೊಳಗೆ, ಪಾಳಿಯ ಗಂಟೆ ಹೊಡೆದ ಕೂಡಲೇ, ಮೊದಲ ಬುಟ್ಟಿಯನ್ನು ಮಾದಪ್ಪಾ ಎಂದು ಬೆಂಕಿಗೆ ಸುರಿಯುತ್ತಿದ್ದ ಕೈ. ಎಣಿಕೆ ಶುರುವಾಗುತ್ತಿದ್ದದ್ದು ಅದರ ನಂತರ. ದೇವರದನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳುವ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಆದ್ದರಿಂದಲೇ ಹಾಕಿಕೊಂಡಿಲ್ಲ ಎನ್ನುವುದೂ ನೆನಪಿರಲಿಲ್ಲ.

ಮಿಲ್ಲಿನಲ್ಲಿ ಸುಣ್ಣದವರು ಡಬ್ಬ ಕದಡುತ್ತಿದ್ದರು. ಸದಾಶಿವಪ್ಪನವರು ಕುರ್ಚಿ ಹಾಕಿಸಿಕೊಂಡು ಸುಣ್ಣ ಹೇಗೆ ಕದಡಬೇಕೆಂದು ಸುಣ್ಣದವರಿಗೆ ಹೇಳಿಕೊಡುತ್ತಿದ್ದರು. ಶಿವನಂಜಯ್ಯ ಅವರಿಗೆ ಕೈಮುಗಿದು, ಗೋಡೆ ಅಳಿಸುವ ಮೊದಲು ಒಂದು ಮಾತು ಕೇಳಬೇಕೆಂದ. ಮೇಷ್ಟರಿಗೆ ಹೇಳಿ ಕಳಿಸಿದರು. ಅವರು ಹಿಂಜರಿಯುತ್ತಲೇ ಬಂದರು. ಶಿವನಂಜಯ್ಯ ಕಣದಲ್ಲಿ ಕಂಡದ್ದನ್ನು ಹೇಳಿದ, ಹಡಗಿನಲ್ಲಿ ನಡೆದದ್ದನ್ನೂ ಹೇಳಿದ. ಮೇಷ್ಟರು ಜೇಬಿನಿಂದ ಪೆನ್ಸಿಲ್ ತೆಗೆದರು. ಪಾಳಿಗೆ ಒಂದು ಬುಟ್ಟಿ, ದಿನಕ್ಕೆ ಎರಡು, ಹದಿನಾರು ವರ್ಷಕ್ಕೆ ಆರು ಸಾವಿರದ ನಾನೂರು ಬುಟ್ಟಿ. ಮುನ್ನೂರ ಇಪ್ಪತ್ತು ಟನ್ನು. ಅದನ್ನು ಬುಕ್ಕಿನ ಮೊತ್ತಕ್ಕೆ ಕೂಡಿಸಿದರೆ ಕಂಪನಿಯ ಲೆಕ್ಕಕ್ಕೆ ಒಂದು ಬುಟ್ಟಿಯೂ ಹೆಚ್ಚುಕಡಿಮೆಯಿಲ್ಲ.

ಸದಾಶಿವಪ್ಪನವರ ತಾತನ ಕಾಲದಿಂದ ಅವರ ಕಣದಲ್ಲೂ ಮೊದಲ ಕೊಳಗ ಎಣಿಕೆಗೆ ಸೇರಿದ್ದಿಲ್ಲ. ಬಾಯಲ್ಲಿದ್ದುದನ್ನು ಉಗುಳಿ ಬಂದು ಕೂತರು.

"ಅಲ್ಲೂ ಮಡಗ್ತಿದ್ದೇನ್ಲಾ, ಮಾದಪ್ಪಂಗೆ?"

"ಕೈ ಮಡಗ್ತಿತ್ತು ಯಜಮಾನ್ರೆ. ನಂಗೊತ್ತಿರ್ನಿಲ್ಲ."

ಯಜಮಾನರು ಗೋಡೆಯನ್ನು ಬಹಳ ಹೊತ್ತು ನೋಡಿದರು. ಕೇಳಿ ಬರೆದುಕೊಂಡವನಾದರೆ ನಲವತ್ತು ಅಂತಲೇ ಬರೆದಿರುತ್ತಿದ್ದ. ಒಂದು ಬುಟ್ಟಿ ಕಡಿಮೆ ಬರೆಯಬೇಕಾದರೆ ಅವನು ಈ ಸೀಮೆಯವನಾಗಿರಬೇಕು, ಬುಟ್ಟಿಯನ್ನು ತನ್ನ ಕೈಯಿಂದಲೇ ಎತ್ತಿರಬೇಕು. ಇದನ್ನು ಅವರು ಸುತ್ತ ನಿಂತವರಿಗೆ ಬಿಡಿಸಿ ಹೇಳಿದರು. ಹೇಳುತ್ತ ಹೇಳುತ್ತ ಗಂಟಲು ಏರಿತು. ಕೊನೆಗೆ, ಇವನು ಹಡಗಿನಲ್ಲಿದ್ದದ್ದು ತಮಗೆ ಮೊದಲಿನಿಂದಲೂ ಗೊತ್ತಿತ್ತು, ಊರಿನವರೇ ಅನುಮಾನಪಡುತ್ತಿದ್ದರು ಎಂಬಲ್ಲಿಗೆ ತಂದು ಮುಗಿಸಿದರು. ಸುಣ್ಣದವರಿಗೆ ಆ ಗೋಡೆ ಬಿಡಿ ಎಂದರು.

ಮೇಷ್ಟರ ಮುಖಕ್ಕೆ ಕಳೆ ಬಂತು. ಅವರಿಗೊಂದು ಯೋಚನೆ ಹೊಳೆದಿತ್ತು. ಆ ಆರು ಸಾವಿರ ಚಿಲ್ಲರೆ ಬುಟ್ಟಿಗಳಿಂದ ಆಕಾಶಕ್ಕೆ ಹೋದದ್ದು ಎಂಟು ನೂರು ಟನ್ನು. ಅದನ್ನು ಬೇರೆಯಾಗಿಯೇ ತೋರಿಸಬೇಕು, ಕುಂಕುಮದಲ್ಲಿ ಗೆರೆ ಎಳೆದು, ಮಾದೇಶ್ವರನ ಪಾಲು ಎಂದು ಬರೆಯಬೇಕು. ಮೈಸೂರಿನ ತೀರ್ಪುಗಾರರು ತಲೆದೂಗದೆ ಇರಲಾರರು. ಯಜಮಾನರಿಗೂ ಇದು ಒಪ್ಪಿಗೆಯಾಯಿತು. ಕುಂಕುಮ ತರಲು ಆಳನ್ನು ಮನೆಗೆ ಅಟ್ಟಲು ಹೊರಟರು.

"ಬ್ಯಾಡಿ ಸಾ," ಎಂದ ಶಿವನಂಜಯ್ಯ.

ಯಾಕೆಂದು ಮೇಷ್ಟರು ಕೇಳಿದರು. ಕೊಟ್ಟದ್ದನ್ನು ವಾಪಸು ತೆಗೆದುಕೊಂಡಂತಾಗುತ್ತದೆಂಬ ಅಂಜಿಕೆಯಾದರೆ, ಬೇರೆ ಗೆರೆಯಲ್ಲಿ ತೋರಿಸಿದರೆ ಆ ತೊಂದರೆಯೇ ಇಲ್ಲವಲ್ಲ ಎಂದರು.

"ಕಾಳು ಮಡಗಿದ್ರೆ ಬೆಟ್ಟದಾಗೆ ಯಾರೋ ಅಸ್ದೋರು ಉಣ್ತಾರೆ. ಇದ ಯಾರು ಉಂಡಾರು? ಎತ್ತಾಕಿದ್ದು ನಾನು. ಅವ್ನ ತಲೆಗೆ ಯಾಕೆ ಕಟ್ಟಾನ. ನನ್ನ ಎಸರಿಗೇ ಬರೀರಿ."

ಮೇಷ್ಟರು ಇದ್ದಲಿನ ಚೂರು ಕೈಗೆತ್ತಿಕೊಂಡರು. ಶಿವನಂಜಯ್ಯ ಅದನ್ನು ಅವರಿಂದ ಇಸಿದುಕೊಂಡು, ಹದಿನಾರು ಗೆರೆಗಳ ತುದಿಯನ್ನೂ ಒಂದೊಂದಾಗಿ ಸ್ವಲ್ಪ ಸ್ವಲ್ಪ ಏರಿಸಿದ. ನಲವತ್ತರಲ್ಲಿ ಒಂದು ಪಾಲು. ದೂರದಿಂದ ನೋಡಿದರೆ ವ್ಯತ್ಯಾಸವೇ ಕಾಣುವಂತಿರಲಿಲ್ಲ. ಅವನು ಮಾತ್ರ ಪ್ರತಿಯೊಂದು ಗೆರೆಯನ್ನೂ ಬೆರಳಿನಲ್ಲಿ ಅಳೆದು ಏರಿಸಿದ.

ನಕ್ಷೆ ಮೈಸೂರಿಗೆ ಹೋಯಿತು. ಸೆಗಣಿ ಅನಿಲದ ಮಾದರಿಗೂ ಮಣ್ಣಿನ ಜ್ವಾಲಾಮುಖಿಗೂ ನಡುವೆ ಮೂರು ದಿನ ತೂಗಿತು. ಕೊಳ್ಳೇಗಾಲಕ್ಕೆ ಹತ್ತಿರದ ಸಮುದ್ರ ಯಾವುದು ಎಂದು ತೀರ್ಪುಗಾರರೊಬ್ಬರು ಕೇಳಿದರಂತೆ. ಬಹುಮಾನ ಜ್ವಾಲಾಮುಖಿಗೆ ಬಂತು. ಮೇಷ್ಟರು ಎಪ್ಪತ್ತರ ದಶಕದಲ್ಲಿ ಹನೂರಿಗೆ ವರ್ಗವಾಗುವವರೆಗೂ ಪ್ರತಿ ವರ್ಷ ಒಂದು ಗೆರೆ ಸೇರಿಸುತ್ತಲೇ ಇದ್ದರು. ಮಿಲ್ಲಿಗೆ ಕರೆಂಟಿನ ಮೋಟಾರು ಬಂದು ಬಾಯ್ಲರು ತಣ್ಣಗಾದ ಮೇಲೂ ಅಳತೆಯನ್ನು ಮತ್ತೊಮ್ಮೆ ಅರ್ಧಕ್ಕೆ ಇಳಿಸಬೇಕಾಯಿತು. ಇದೆಲ್ಲ ಆಮೇಲಿನ ಮಾತು.

ಅಂದು ಮಧ್ಯಾಹ್ನ ಜನವೆಲ್ಲ ಚದುರಿದ ಮೇಲೆ ಶಿವರತ್ನಮ್ಮ ಬುತ್ತಿ ಹಿಡಿದು ಬಂದಳು. ಕಣದಿಂದ ಉಣ್ಣದೆ ಎದ್ದು ಓಡಿದನೆಂದು ಪುಟ್ಟಬಸಪ್ಪ ಮನೆಗೆ ಬಂದು ರೇಗಾಡಿದ್ದ. ಮಿಲ್ಲಿನ ಬಾಗಿಲಲ್ಲೇ ಹೆಂಗಸರು ಅವಳಿಗೆ ಎಲ್ಲವನ್ನೂ ಹೇಳಿದ್ದರು, ಯಜಮಾನರ ಭಾಷಣವನ್ನೂ ಸೇರಿಸಿ. ಅವಳು ಬುತ್ತಿಯನ್ನು ಬಾಯ್ಲರಿನ ಕಟ್ಟೆಯ ಮೇಲಿಟ್ಟು ಗೋಡೆಯ ಮುಂದೆ ಹೋಗಿ ನಿಂತಳು. ಅಕ್ಷರ ಬಾರದವಳು. ಗೆರೆಗಳನ್ನು ಬೆರಳಿಟ್ಟು ಎಣಿಸಿದಳು. ಹದಿನಾರು ಬಂದವು. ಅವಳ ಹತ್ತಿರವೂ ಆ ಹದಿನಾರರ ಲೆಕ್ಕ ಬೇರೆಯಾಗಿ ಇತ್ತು.

"ನಮ್ಮಪ್ಪ ತೀರ್ಕಂಡ ವರ್ಸ ಯಾವ್ದು ಇದ್ರಾಗೆ?"

ಅವನು ಎದ್ದು ಬಂದು ಐದನೆಯ ಗೆರೆ ತೋರಿಸಿದ. ಅವಳು ಅದರ ಬುಡದಿಂದ ತುದಿಯವರೆಗೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು.

"ಆವಾಗ ಎಲ್ಲಿದ್ರಿ?"

"ಏಡನ್ ದಾರೀಲಿ. ಸುದ್ದಿ ಸಿಕ್ಕಿದ್ದು ಮೂರು ತಿಂಗ್ಳಿಗೆ."

"ಅಲ್ಲಿ ಬಾಳ ಬಿಸ್ಲಾ?"

"ಮ್ಯಾಲೆ ಬಿಸ್ಲು. ಕೆಳಗೆ ಬೆಂಕಿ. ನಾನು ಕೆಳಗಿದ್ದಿ."

ಅವಳು ತಲೆಯಾಡಿಸಿ ಮುಂದಿನ ಗೆರೆಗೆ ಬೆರಳು ಸರಿಸಿದಳು. "ಇದು?"

ಅವನು ಹೇಳಿದ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಮೊದಲಿನ ನಾಲ್ಕು ಗೆರೆಗಳಿಗೂ ವಾಪಸು ಹೋಗಿ ಕೇಳಿದಳು, ಒಂದನ್ನೂ ಬಿಡಲಿಲ್ಲ. ಹದಿನಾರೂ ಮುಗಿಯುವ ಹೊತ್ತಿಗೆ ಬುತ್ತಿಯೊಳಗಿನ ಮುದ್ದೆ ಆರಿ ಗಟ್ಟಿಯಾಗಿತ್ತು. ಇಬ್ಬರೂ ಅದನ್ನೇ ಮುರಿದುಕೊಂಡು ತಿಂದರು.